ಅಪಾಯ ಕಡಿಮೆ ಅಂತಾರೆ, ಆತಂಕವೂ ಇದೆ ಅಂತಾರೆ: ಬದಲಾಗುವ ವೈರಸ್‌ಗಳ ಮೇಲೆ ತಜ್ಞರು ಕಣ್ಣಿಡುವುದು ಹೇಗೆ?

ಹಕ್ಕಿಜ್ವರದ ಸುದ್ದಿ ಓದುವವರನ್ನು ಒಂದು ಗೊಂದಲ ಕಾಡುತ್ತಲೇ ಇದೆ. ವೈರಸ್‌ನಲ್ಲಿ ಹೊಸ ಬದಲಾವಣೆ ಕಾಣಿಸಿದೆ, ವಿಜ್ಞಾನಿಗಳಿಗೆ ಆತಂಕ ಅಂತ ಒಂದು ದಿನ ಸುದ್ದಿ. ಸಾರ್ವಜನಿಕರಿಗೆ ಅಪಾಯ ಕಡಿಮೆ ಅಂತ ಮರುದಿನ ಇನ್ನೊಂದು ಸುದ್ದಿ. ಎರಡೂ ಒಂದೇ ವೈರಸ್ ಬಗ್ಗೆ. ಎಷ್ಟೋ ಸಲ ಎರಡನ್ನೂ ಹೇಳಿದವರು ಒಂದೇ ಸಂಸ್ಥೆಯವರು. ಕೋವಿಡ್‌ನ ಹೊಸ ತಳಿಗಳು ಬಂದಾಗಲೂ ಹೀಗೇ ಆಗುತ್ತದೆ. ಯಾವುದನ್ನು ನಂಬಬೇಕು ಅಂತ ತಿಳಿಯದೆ ಜನ ಎರಡನ್ನೂ ಬಿಟ್ಟುಬಿಡುತ್ತಾರೆ.

ಆದರೆ ಎರಡೂ ಮಾತು ನಿಜ. ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಅವು. ಆ ಉತ್ತರಗಳು ಎಲ್ಲಿಂದ ಬರುತ್ತವೆ ಅಂತ ಗೊತ್ತಾದರೆ ಸುದ್ದಿಯ ತೂಕವನ್ನು ನಾವೇ ಅಳೆಯಬಹುದು.

ಇವತ್ತಿನ ಪ್ರಶ್ನೆ, ನಾಳೆಯ ಪ್ರಶ್ನೆ

ಅಪಾಯ ಕಡಿಮೆ ಅನ್ನುವ ಮಾತು ಇವತ್ತಿಗೆ ಸಂಬಂಧಿಸಿದ್ದು. ಈ ಹೊತ್ತಿನಲ್ಲಿ, ಕೋಳಿ ಫಾರಂನಲ್ಲಾಗಲಿ ಡೈರಿಯಲ್ಲಾಗಲಿ ಕೆಲಸ ಮಾಡದ ಒಬ್ಬ ಸಾಮಾನ್ಯ ವ್ಯಕ್ತಿಗೆ ಈ ಸೋಂಕು ತಗಲುವ ಸಾಧ್ಯತೆ ಎಷ್ಟು? ಎಚ್5ಎನ್1 ಹಕ್ಕಿಜ್ವರದ ಮಟ್ಟಿಗೆ ಉತ್ತರ: ಬಹಳ ಕಡಿಮೆ. ಅದು ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವುದಿಲ್ಲ.

ಆತಂಕದ ಮಾತು ನಾಳೆಗೆ ಸಂಬಂಧಿಸಿದ್ದು. ಈ ವೈರಸ್ ಹಾಗೆ ಹರಡುವುದನ್ನು ಕಲಿತರೆ ಏನಾಗುತ್ತದೆ? ಕಲಿಯುವ ಹಾದಿಯಲ್ಲಿ ಅದು ಎಲ್ಲಿದೆ? 2003ರಿಂದ ಈಚೆಗೆ ಜಗತ್ತಿನಾದ್ಯಂತ 950ಕ್ಕೂ ಹೆಚ್ಚು ಜನರಿಗೆ ಎಚ್5ಎನ್1 ತಗುಲಿದ್ದು ವರದಿಯಾಗಿದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತೀರಿಕೊಂಡಿದ್ದಾರೆ. ಸಣ್ಣಪುಟ್ಟ ಲಕ್ಷಣ ಇರುವವರು ಆಸ್ಪತ್ರೆಗೆ ಹೋಗುವುದಿಲ್ಲ, ಲೆಕ್ಕಕ್ಕೂ ಸಿಗುವುದಿಲ್ಲ. ಹಾಗಾಗಿ ನಿಜವಾದ ಸಾವಿನ ಪ್ರಮಾಣ ಇದಕ್ಕಿಂತ ಕಡಿಮೆಯೇ ಇರಬೇಕು. ಆದರೂ ನಿರ್ಲಕ್ಷಿಸುವಂಥ ವೈರಸ್ ಅಲ್ಲ ಅನ್ನಲು ಇಷ್ಟು ಸಾಕು.

ಈ ಎರಡು ಪ್ರಶ್ನೆಗಳು ಬೆರೆತು ಹೋಗದಿರಲಿ ಅಂತಲೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಅಳತೆಯ ಕ್ರಮ ಇಟ್ಟುಕೊಂಡಿದೆ. ಪ್ರಾಣಿಗಳಲ್ಲಿ ಓಡಾಡುತ್ತಿರುವ ಪ್ರತಿಯೊಂದು ಫ್ಲೂ ವೈರಸ್ಸಿಗೂ 10 ಅಂಶಗಳ ಮೇಲೆ ಅಂಕ ಕೊಡುತ್ತಾರೆ. ಕೊನೆಗೆ ಎರಡು ಅಂಕ ಉಳಿಯುತ್ತವೆ. ಇದು ಜನರ ನಡುವೆ ಹರಡುವ ಶಕ್ತಿ ಪಡೆಯುವ ಸಾಧ್ಯತೆ ಎಷ್ಟು ಅನ್ನುವುದು ಒಂದು. ಪಡೆದರೆ ಹೊಡೆತ ಎಷ್ಟು ಜೋರಾಗಿರುತ್ತದೆ ಅನ್ನುವುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಬಳಿಯೂ ಇಂಥದ್ದೇ ಒಂದು ಕ್ರಮ ಇದೆ. ಈ ಅಂಕಗಳು ಭವಿಷ್ಯ ಹೇಳುವುದಿಲ್ಲ. ನೂರಾರು ವೈರಸ್‌ಗಳಲ್ಲಿ ಯಾವುದಕ್ಕೆ ಮೊದಲು ಲಸಿಕೆಯ ಬೀಜ (ಲಸಿಕೆ ಮಾಡಲು ಬೇಕಾದ ಮೂಲ ವೈರಸ್) ತಯಾರಿಸಿಡಬೇಕು, ಯಾವ ಫಾರಂಗಳಲ್ಲಿ ಜಾಸ್ತಿ ಪರೀಕ್ಷೆ ಮಾಡಬೇಕು ಅಂತ ತೀರ್ಮಾನಿಸಲು ಇವು ಬೇಕು.

ಬದಲಾವಣೆ ನಿಲ್ಲುವುದೇ ಇಲ್ಲ

ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ತಪ್ಪುಗಳಾಗುತ್ತವೆ. ಫ್ಲೂ ವೈರಸ್ಸಿಗೆ ಆ ತಪ್ಪು ತಿದ್ದುವ ವ್ಯವಸ್ಥೆಯೇ ಇಲ್ಲ. ಕೊರೊನಾ ವೈರಸ್ಸಿಗೆ ಸ್ವಲ್ಪ ಮಟ್ಟಿಗೆ ಇದೆ, ಆದರೂ ತಪ್ಪುಗಳು ಉಳಿಯುತ್ತವೆ. ಬಹುಪಾಲು ತಪ್ಪುಗಳಿಂದ ವೈರಸ್ಸಿಗೆ ನಷ್ಟವೇ. ಕೆಲವಕ್ಕೆ ಯಾವ ಪರಿಣಾಮವೂ ಇಲ್ಲ. ಅಪರೂಪಕ್ಕೆ ಒಂದು ತಪ್ಪು ಅದಕ್ಕೆ ಲಾಭ ತರುತ್ತದೆ.

ಫ್ಲೂ ವೈರಸ್ಸಿಗೆ ಇನ್ನೊಂದು ದಾರಿಯೂ ಇದೆ. ಅದರ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ಬರಹ, ಎಂಟು ತುಂಡುಗಳಲ್ಲಿದೆ. ಎರಡು ಬೇರೆ ಫ್ಲೂ ವೈರಸ್‌ಗಳು ಒಂದೇ ಪ್ರಾಣಿಯ ಒಂದೇ ಜೀವಕೋಶಕ್ಕೆ ಹೊಕ್ಕರೆ ಈ ತುಂಡುಗಳು ಅದಲುಬದಲಾಗಿ ಮೂರನೆಯದೊಂದು ವೈರಸ್ ಹುಟ್ಟಬಹುದು. 1957 ಮತ್ತು 1968ರ ಫ್ಲೂ ಮಹಾಮಾರಿಗಳು ಹೀಗೇ ಬಂದವು. ಹಕ್ಕಿಗಳ ವೈರಸ್ಸಿನ ತುಂಡುಗಳು ಮನುಷ್ಯರ ವೈರಸ್ಸಿನೊಳಗೆ ಸೇರಿಕೊಂಡಿದ್ದವು. 2009ರ ಎಚ್1ಎನ್1 ಹಂದಿಗಳಲ್ಲಿ ಇಂಥ ಬೆರಕೆಯಿಂದ ಹುಟ್ಟಿತು. ಹಾಗಾಗಿ ವೈರಸ್‌ನಲ್ಲಿ ಬದಲಾವಣೆ ಆಗಿದೆ ಅನ್ನುವುದಷ್ಟೇ ದೊಡ್ಡ ಸುದ್ದಿ ಅಲ್ಲ. ಅದು ದಿನಾ ಆಗುತ್ತಿರುತ್ತದೆ. ಏನು ಬದಲಾಯಿತು, ಎಲ್ಲಿ ಬದಲಾಯಿತು, ಬದಲಾದದ್ದು ಮುಂದಕ್ಕೆ ಹರಡಿತೇ ಅನ್ನುವುದೇ ಸುದ್ದಿ.

ಟೆಕ್ಸಸ್‌ನ ಹಸುಗಳು ಹೇಳಿದ್ದು

ವೈರಸ್‌ಗಳ ಮೇಲಿನ ಈ ಕಾವಲು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ನೋಡಲು 2024ರ ಅಮೆರಿಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಆ ವರ್ಷದ ಆರಂಭದಲ್ಲಿ ಟೆಕ್ಸಸ್‌ನ ಡೈರಿ ಫಾರಂಗಳಲ್ಲಿ ಹಸುಗಳು ಮೇವು ಬಿಡತೊಡಗಿದವು. ಹಾಲು ಇಳಿಯಿತು. ಕರೆದ ಹಾಲು ಗಿಣ್ಣಿನ ಹಾಗೆ ಗಟ್ಟಿಯಾಗಿ, ಹಳದಿಯಾಗಿ ಬರುತ್ತಿತ್ತು. ಪಶುವೈದ್ಯರು ಗೊತ್ತಿರುವ ಕಾಯಿಲೆಗಳಿಗೆಲ್ಲ ಪರೀಕ್ಷೆ ಮಾಡಿಸಿದರು. ಯಾವುದೂ ಅಲ್ಲ ಅಂತ ಬಂತು. ಹಸುವಿಗೆ ಹಕ್ಕಿಜ್ವರ ಬರುತ್ತದೆ ಅಂತ ಆಗ ಯಾರಿಗೆ ಹೊಳೆಯಬೇಕು? ಹೊಳೆಸಿದ್ದು ಬೆಕ್ಕುಗಳ ಸಾವು. ಕಾಯಿಲೆ ಬಿದ್ದ ಹಸುಗಳ ಹಸಿ ಹಾಲು ಕುಡಿದ ಫಾರಂ ಬೆಕ್ಕುಗಳು ಒಂದೊಂದಾಗಿ ಸತ್ತವು. ಹಾಲು ಮತ್ತು ಸತ್ತ ಬೆಕ್ಕುಗಳ ಸ್ಯಾಂಪಲ್ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲ್ಯಾಬ್‌ಗೆ ಹೋದವು. ಎರಡರಲ್ಲೂ ಎಚ್5ಎನ್1 ಸಿಕ್ಕಿತು. ಮಾರ್ಚ್ 25ರಂದು ಸರ್ಕಾರ ಅದನ್ನು ದೃಢಪಡಿಸಿತು.

ನಂತರ ಬೇರೆ ಬೇರೆ ಫಾರಂಗಳ ವೈರಸ್‌ಗಳ ಜೀನೋಮ್‌ಗಳನ್ನು ಹೋಲಿಸಿ ನೋಡಿದರು. ಎಲ್ಲವೂ ಒಂದೇ ಬೇರಿನಿಂದ ಬಂದವು. ಅಂದರೆ ವೈರಸ್ ಕಾಡುಹಕ್ಕಿಯಿಂದ ಹಸುವಿಗೆ 2023ರ ಕೊನೆಯ ಹೊತ್ತಿಗೆ ಒಮ್ಮೆ ದಾಟಿ, ಆಮೇಲೆ ಹಸುವಿನಿಂದ ಹಸುವಿಗೆ ಹರಡುತ್ತಾ ಹೋಗಿತ್ತು. ಅದು ಯಾರ ಕಣ್ಣಿಗೂ ಬೀಳದೆ ತಿಂಗಳುಗಳೇ ಕಳೆದಿದ್ದವು. ಜೀನೋಮ್ ಓದುವ ಸೀಕ್ವೆನ್ಸಿಂಗ್ ಯಂತ್ರಗಳಿಗೇನೂ ಅಲ್ಲಿ ಕೊರತೆ ಇರಲಿಲ್ಲ. ಆ ಯಂತ್ರಕ್ಕೆ ಸ್ಯಾಂಪಲ್ ತಲುಪಿದ್ದೇ ತಡವಾಗಿ.

ಹಸುಗಳಿಂದ ಸೋಂಕು ತಗುಲಿದ ಮನುಷ್ಯರಲ್ಲಿ ಮೊದಲು ಸಿಕ್ಕವನು ಟೆಕ್ಸಸ್‌ನ ಒಬ್ಬ ಡೈರಿ ಕೆಲಸಗಾರ. ಮುಖ್ಯ ಲಕ್ಷಣ ಕಣ್ಣು ಕೆಂಪಾಗಿದ್ದು, ಅಷ್ಟೇ. ಆ ವ್ಯಕ್ತಿಯಿಂದ ತೆಗೆದ ವೈರಸ್ಸಿನ ಪಿಬಿ2 ಎಂಬ ಪ್ರೋಟೀನಿನ 627ನೇ ಜಾಗದಲ್ಲಿ ಒಂದು ಬದಲಾವಣೆ ಇತ್ತು. ಸಸ್ತನಿಗಳ ದೇಹದಲ್ಲಿ ವೈರಸ್ ಚೆನ್ನಾಗಿ ಬೆಳೆಯಲು ನೆರವಾಗುವ ಬದಲಾವಣೆ ಅದು. ಫ್ಲೂ ತಜ್ಞರು ದಶಕಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದಾರೆ. ಸುದ್ದಿಯಾಗಿ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ವ್ಯಕ್ತಿಯಿಂದ ಸೋಂಕು ಮುಂದೆ ಹರಡಿದ್ದು ಕಂಡುಬರಲಿಲ್ಲ. ಅಪಾಯದ ಗುರುತು ಇತ್ತು, ಸರಪಳಿ ಇರಲಿಲ್ಲ.

ನನಗೆ ಇದಕ್ಕಿಂತ ದೊಡ್ಡ ಎಚ್ಚರಿಕೆಯಾಗಿ ಕಂಡದ್ದು ಅದೇ ವರ್ಷದ ಒಂದು ರಕ್ತಪರೀಕ್ಷೆಯ ಫಲಿತಾಂಶ. ಮಿಷಿಗನ್ ಮತ್ತು ಕೊಲೊರಾಡೊದ 115 ಡೈರಿ ಕೆಲಸಗಾರರ ರಕ್ತ ನೋಡಿದಾಗ 8 ಮಂದಿಯಲ್ಲಿ ಎಚ್5ಎನ್1 ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಎಂಟೂ ಮಂದಿ ಹಾಲು ಕರೆಯುವ ಇಲ್ಲವೇ ಕರೆಯುವ ಜಾಗ ತೊಳೆಯುವ ಕೆಲಸದವರು. ಅವರಲ್ಲಿ ಕೆಲವರಿಗೆ ಹುಷಾರು ತಪ್ಪಿದ ನೆನಪೇ ಇರಲಿಲ್ಲ. ಸೋಂಕು ಬಂದು ಹೋಗಿತ್ತು, ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಸಂಬಳ ಕಡಿತವಾಗುವ ಭಯ, ಕೆಲಸ ಹೋಗುವ ಭಯ, ವಲಸೆಯ ಕಾಗದಪತ್ರಗಳ ಭಯ ಇರುವ ಕೆಲಸಗಾರ ಕಣ್ಣು ಕೆಂಪಾಯಿತು ಅಂತ ತಾನಾಗಿ ಪರೀಕ್ಷೆಗೆ ಹೋಗುವುದು ಕಷ್ಟ. ಫಾರಂ ಮಾಲೀಕನಿಗೂ ತನ್ನ ಹಾಲು ಮಾರಾಟವಾಗದೆ ಉಳಿದೀತು ಅನ್ನುವ ಭಯ. ಈ ಭಯಗಳನ್ನು ಹೋಗಲಾಡಿಸದೆ ಕಾವಲಿನ ಬಗ್ಗೆ ಎಷ್ಟು ಮಾತಾಡಿದರೂ ಪ್ರಯೋಜನವಿಲ್ಲ.

ಅಮೆರಿಕ 2024ರ ಡಿಸೆಂಬರ್‌ನಲ್ಲಿ ಹಸಿ ಹಾಲಿನ ಸ್ಯಾಂಪಲ್‌ಗಳನ್ನು ದೇಶದುದ್ದಕ್ಕೂ ಪರೀಕ್ಷಿಸಲು ಆದೇಶ ಹೊರಡಿಸಿತು. ಫಲ ಬೇಗ ಸಿಕ್ಕಿತು. 2025ರ ಆರಂಭದಲ್ಲಿ ನೆವಾಡಾದ ಹಸುಗಳಿಗೆ ಬೇರೊಂದು ಬಗೆಯ ಎಚ್5ಎನ್1 ಪ್ರತ್ಯೇಕವಾಗಿ ದಾಟಿದ್ದು ಈ ಪರೀಕ್ಷೆಯಿಂದಲೇ ತಿಳಿಯಿತು. ಬೆಕ್ಕುಗಳು ಸಾಯುವವರೆಗೆ ಈ ಸಲ ಕಾಯಬೇಕಾಗಲಿಲ್ಲ.

ಮೂಗಿನ ಸ್ವಾಬ್‌ನಿಂದ ಲಸಿಕೆಯವರೆಗೆ

ಮನುಷ್ಯರಲ್ಲಿ ಫ್ಲೂ ಮೇಲೆ ಕಣ್ಣಿಡುವ ಜಾಲ ಹಳೆಯದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 1952ರಲ್ಲೇ ಶುರು ಮಾಡಿತು. ಈಗ ನೂರಕ್ಕೂ ಹೆಚ್ಚು ದೇಶಗಳ ರಾಷ್ಟ್ರೀಯ ಪ್ರಯೋಗಾಲಯಗಳು ಅದರಲ್ಲಿವೆ. ಜ್ವರ, ಕೆಮ್ಮು ಅಂತ ಬಂದ ರೋಗಿಗಳ ಸ್ವಾಬ್ ತೆಗೆದು ಅವು ಪಿಸಿಆರ್ ಮಾಡುತ್ತವೆ. ಬಹುಪಾಲು ಗೊತ್ತಿರುವ ಫ್ಲೂ ತಳಿಗಳೇ ಸಿಗುತ್ತವೆ. ಫ್ಲೂ ಎ ಅಂತ ಬಂದು, ಗೊತ್ತಿರುವ ಯಾವ ಉಪಬಗೆಗೂ ಹೊಂದದ ಸ್ಯಾಂಪಲ್ ಸಿಕ್ಕರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. 2009ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮಕ್ಕಳ ಸ್ವಾಬ್‌ಗಳಲ್ಲಿ ಆಗಿದ್ದು ಇದೇ. ಅವು ಹೊಸ ಎಚ್1ಎನ್1ನ ಸ್ಯಾಂಪಲ್‌ಗಳಾಗಿದ್ದವು.

ಇಂಥ ಸ್ಯಾಂಪಲ್ಲಿನ ಜೀನೋಮ್ ಓದಿ ಜಿಸೈಡ್‌ನಂಥ ಸಾಮೂಹಿಕ ಸಂಗ್ರಹಕ್ಕೆ ಹಾಕುತ್ತಾರೆ. ಬೇರೆ ದೇಶದ ವಿಜ್ಞಾನಿ ಅದನ್ನು ತನ್ನ ಬಳಿ ಇರುವುದರ ಜೊತೆ ಹೋಲಿಸಿ ವಂಶವೃಕ್ಷ ಬರೆಯುತ್ತಾನೆ. ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಜೀನೋಮ್‌ನ ಅಕ್ಷರ ಬದಲಾಗಿದ್ದು ಕಂಡರೂ ಸ್ವಭಾವ ಬದಲಾಯಿತೇ ಅಂತ ತಿಳಿಯಲು ಜೀವಂತ ವೈರಸ್ ಬೇಕು. ಅದನ್ನು ಫೆರೆಟ್ ಎಂಬ ಪ್ರಾಣಿಯಲ್ಲಿ ಪರೀಕ್ಷಿಸುತ್ತಾರೆ. ಫ್ಲೂ ಬಂದರೆ ಅದು ನಮ್ಮ ಹಾಗೆಯೇ ಸೀನುತ್ತದೆ, ಅದರ ಉಸಿರಾಟದ ನಾಳವೂ ಈ ವಿಷಯದಲ್ಲಿ ನಮ್ಮದನ್ನು ಹೋಲುತ್ತದೆ. ಒಂದು ಫೆರೆಟ್‌ಗೆ ಸೋಂಕು ಹತ್ತಿಸಿ, ಮುಟ್ಟಲು ಆಗದಷ್ಟು ದೂರದ ಪಂಜರದಲ್ಲಿರುವ ಇನ್ನೊಂದಕ್ಕೆ ಗಾಳಿಯಲ್ಲಿ ತಗಲುತ್ತದೆಯೇ ಅಂತ ನೋಡುತ್ತಾರೆ. ಹಳೆಯ ಲಸಿಕೆ, ಔಷಧಿಗಳು ಇದರ ಮೇಲೆ ಕೆಲಸ ಮಾಡುತ್ತವೆಯೇ ಅಂತಲೂ ನೋಡಬೇಕು. ಋತುಮಾನದ ಫ್ಲೂ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ತಜ್ಞರು ವರ್ಷಕ್ಕೆ ಎರಡು ಸಲ ಕೂತು ನಿರ್ಧರಿಸುತ್ತಾರೆ. ಪ್ರಾಣಿಗಳ ವೈರಸ್‌ಗಳಲ್ಲಿ ಯಾವುದಕ್ಕೆ ಲಸಿಕೆಯ ಬೀಜ ಸಿದ್ಧ ಇರಬೇಕು ಅನ್ನುವುದೂ ಅಲ್ಲೇ ಚರ್ಚೆಯಾಗುತ್ತದೆ.

ಚರಂಡಿ ನೀರಿನ ಪರೀಕ್ಷೆ ಇದಕ್ಕೆ ಹೊಸ ಜೊತೆಗಾರ. ಯಾರೂ ಆಸ್ಪತ್ರೆಗೆ ಬರದಿದ್ದರೂ ಅದು ಸುಳಿವು ಕೊಡುತ್ತದೆ. 2022ರಲ್ಲಿ ಲಂಡನ್ನಿನ ಕೊಳಚೆ ನೀರಿನಲ್ಲಿ ಪೋಲಿಯೊ ವೈರಸ್ ಸಿಕ್ಕಿದ್ದು ಹೀಗೆಯೇ. ಆದರೆ ಹಕ್ಕಿಜ್ವರದ ವಿಷಯದಲ್ಲಿ ಅದಕ್ಕೊಂದು ಮಿತಿ ಇದೆ. ನೀರಿನಲ್ಲಿ ಎಚ್5 ಬಗೆಯ ಫ್ಲೂ ವೈರಸ್ ಸಿಕ್ಕರೆ ಅದು ಮನುಷ್ಯರಿಂದ ಬಂತೋ, ಹಕ್ಕಿಗಳಿಂದ ಬಂತೋ, ಚೆಲ್ಲಿದ ಹಾಲಿನಿಂದ ಬಂತೋ ಹೇಳಲಾಗುವುದಿಲ್ಲ.

ಒಂದು ಅಕ್ಷರಕ್ಕೆ ಎಷ್ಟು ಹೆದರಬೇಕು?

ಹಕ್ಕಿಗಳ ಫ್ಲೂ ವೈರಸ್ ಜೀವಕೋಶದ ಮೇಲಿನ ಒಂದು ಬಗೆಯ ಸಕ್ಕರೆ ಕಣವನ್ನು ಹಿಡಿದು ಒಳಹೋಗುತ್ತದೆ. ನಮ್ಮ ಮೂಗು, ಗಂಟಲಿನಲ್ಲಿ ಹೆಚ್ಚಾಗಿ ಇರುವುದು ಇನ್ನೊಂದು ಬಗೆಯದು. ಹಕ್ಕಿಗಳ ವೈರಸ್ಸಿಗೆ ಬೇಕಾದಂಥದ್ದು ನಮ್ಮ ಕಣ್ಣಿನಲ್ಲಿ ಇದೆ. ಡೈರಿ ಕೆಲಸಗಾರರಿಗೆ ಕಣ್ಣು ಕೆಂಪಾಗಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಹಸುಗಳಲ್ಲಿ ಹರಡಿದ ಎಚ್5ಎನ್1ನ ಹೊರಗಿನ ಪ್ರೋಟೀನಿನ 226ನೇ ಜಾಗದಲ್ಲಿ ಒಂದೇ ಒಂದು ಬದಲಾವಣೆ ಆದರೂ ಅದು ಮನುಷ್ಯರ ಬಗೆಯ ಕಣವನ್ನು ಹಿಡಿಯಬಲ್ಲದು ಅಂತ 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ವೈರಸ್ಸಿನ ಪ್ರೋಟೀನನ್ನಷ್ಟೇ ಬಳಸಿ ಲ್ಯಾಬ್‌ನಲ್ಲಿ ಮಾಡಿದ ಅಧ್ಯಯನ ಅದು.

ಒಂದೇ ಹೆಜ್ಜೆ ಬಾಕಿ ಅಂತ ಇದನ್ನು ಓದಿಕೊಂಡರೆ ತಪ್ಪಾಗುತ್ತದೆ. ಒಳಹೋಗುವುದು ಒಂದು ಅಡ್ಡಿ ಮಾತ್ರ. ಒಳಗೆ ಹೋಗಿ ನಮ್ಮ ಜೀವಕೋಶದಲ್ಲಿ ಚೆನ್ನಾಗಿ ನಕಲಾಗಬೇಕು. ಸೀನಿದಾಗ ಹಾರುವ ಹನಿಯಲ್ಲಿ ಹಾಳಾಗದೆ ಉಳಿಯಬೇಕು. ಇದೆಲ್ಲ ಒಂದೇ ವೈರಸ್ಸಿನಲ್ಲಿ, ಒಂದೇ ಸಮಯಕ್ಕೆ ಕೂಡಿಬರಬೇಕು. ಇಲ್ಲಿಯವರೆಗೆ ಕೂಡಿಬಂದಿಲ್ಲ. ಇನ್ನು ಮುಂದೆಯೂ ಬರುವುದಿಲ್ಲ ಅನ್ನಲು ಯಾವ ಆಧಾರವೂ ಇಲ್ಲ.

ಕೋವಿಡ್ ಇದಕ್ಕೆ ಒಳ್ಳೆಯ ಪಾಠ ಕಲಿಸಿತು. 2023ರ ಆಗಸ್ಟ್‌ನಲ್ಲಿ ಬಿಎ.2.86 ಎಂಬ ತಳಿ ಕಾಣಿಸಿಕೊಂಡಿತು. ಜೀವಕೋಶವನ್ನು ಹಿಡಿಯಲು ಬಳಸುವ ಅದರ ಸ್ಪೈಕ್ ಪ್ರೋಟೀನಿನಲ್ಲಿ ತನ್ನ ಮೂಲ ತಳಿಗಿಂತ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಇನ್ನೊಂದು ಓಮಿಕ್ರಾನ್ ಬಂತು ಅಂತ ತಜ್ಞರು ಬೆಚ್ಚಿದರು. ಬಿಎ.2.86 ದೊಡ್ಡ ಅಲೆ ಎಬ್ಬಿಸಲೇ ಇಲ್ಲ. ಸುಮ್ನೆ ಹೆದರಿಸಿದರು ಅಂತ ಟೀಕೆ ಬಂತು. ಅಷ್ಟರಲ್ಲಿ ಅದರದೇ ಸಂತತಿಯೊಂದು ಸ್ಪೈಕ್‌ನಲ್ಲಿ ಇನ್ನೊಂದೇ ಒಂದು ಬದಲಾವಣೆ ಪಡೆಯಿತು. ಅದರ ಹೆಸರು ಜೆಎನ್.1. ಕೆಲವೇ ತಿಂಗಳಲ್ಲಿ ಅದು ಜಗತ್ತನ್ನೆಲ್ಲ ಆವರಿಸಿತು. ಆಸ್ಪತ್ರೆಗಳು ಮಾತ್ರ ಮೊದಲಿನ ಅಲೆಗಳಲ್ಲಿದ್ದಂತೆ ತುಂಬಿ ತುಳುಕಲಿಲ್ಲ. ಲಸಿಕೆ ಮತ್ತು ಹಿಂದಿನ ಸೋಂಕುಗಳಿಂದ ಬಂದ ರೋಗನಿರೋಧಕ ಶಕ್ತಿ ಜನರಲ್ಲಿತ್ತು. ಬದಲಾವಣೆಗಳನ್ನು ಎಣಿಸುವುದರಿಂದ ಏನೂ ತಿಳಿಯುವುದಿಲ್ಲ. ಬೇರೆ ತಳಿಗಳನ್ನು ಹಿಂದೆ ಹಾಕಿ ಈ ತಳಿ ವಾರದಿಂದ ವಾರಕ್ಕೆ ಬೆಳೆಯುತ್ತಿದೆಯೇ, ಹಾಗೆ ಬೆಳೆದಾಗ ಆಸ್ಪತ್ರೆ ಸೇರುವವರು ಜಾಸ್ತಿಯಾಗುತ್ತಿದ್ದಾರೆಯೇ ಅಂತ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ತಳಿಗಳನ್ನು ಬೇರೆ ಬೇರೆ ಪಟ್ಟಿಗೆ ಹಾಕುವಾಗ ಮುಖ್ಯವಾಗಿ ಕೇಳುವುದು ಇದನ್ನೇ.

ಕೆಲವೊಮ್ಮೆ ಜೀನೋಮ್ ಬೇರೆಯೇ ರೀತಿಯಲ್ಲಿ ಸಾಕ್ಷಿ ಹೇಳುತ್ತದೆ. ಎಂಪಾಕ್ಸ್ (ಮೊದಲಿನ ಹೆಸರು ಮಂಕಿಪಾಕ್ಸ್) ವೈರಸ್ ಮನುಷ್ಯರ ದೇಹದಲ್ಲಿ ಇದ್ದಷ್ಟೂ ನಮ್ಮದೇ ಒಂದು ಕಿಣ್ವ ಅದರ ಡಿಎನ್‌ಎ ಮೇಲೆ ಒಂದೇ ಬಗೆಯ ಗಾಯದ ಗುರುತು ಬಿಡುತ್ತದೆ. ಆ ಗುರುತುಗಳನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ, ಈ ವೈರಸ್ ಸುಮಾರು 2016ರಿಂದಲೇ ಜನರಿಂದ ಜನರಿಗೆ ಹರಡುತ್ತಿತ್ತು ಅಂತ ತಿಳಿಯಿತು. ನೈಜೀರಿಯಾದಲ್ಲಿ 2017ರಲ್ಲಿ ರೋಗಿಗಳು ಸಿಕ್ಕಿದ್ದರು. ಜಗತ್ತು ಎಚ್ಚೆತ್ತದ್ದು 2022ರಲ್ಲಿ, ಸೋಂಕು ಯುರೋಪ್ ಮತ್ತು ಅಮೆರಿಕಕ್ಕೆ ಬಂದ ಮೇಲೆ. ಸಾಕ್ಷಿ ಇದ್ದರೂ ಅದನ್ನು ಹುಡುಕಲು ಹಣ, ಮನಸ್ಸು ಎರಡೂ ಇರಲಿಲ್ಲ.

ತಜ್ಞರಲ್ಲೂ ಒಮ್ಮತ ಇಲ್ಲ

ಎಲ್ಲಿ ನೋಡಬೇಕು ಅನ್ನುವುದರಲ್ಲೇ ದೊಡ್ಡ ಭಿನ್ನಾಭಿಪ್ರಾಯ ಇದೆ. ಕಾಡಿನ ಬಾವಲಿ, ಇಲಿ, ಕೋತಿಗಳಲ್ಲಿರುವ ವೈರಸ್‌ಗಳನ್ನು ಮೊದಲೇ ಪಟ್ಟಿ ಮಾಡಿಟ್ಟರೆ ಮುಂದಿನ ಮಹಾಮಾರಿಯನ್ನು ಊಹಿಸಬಹುದು ಅಂತ ಒಂದು ಗುಂಪು. ಅಮೆರಿಕದ ನೆರವಿನಲ್ಲಿ 2009ರಲ್ಲಿ ಶುರುವಾದ ಪ್ರೆಡಿಕ್ಟ್ ಯೋಜನೆ ಈ ಯೋಚನೆಯಿಂದಲೇ ಬಂತು. ನೂರಾರು ಹೊಸ ವೈರಸ್‌ಗಳನ್ನು ಅದು ಪತ್ತೆ ಮಾಡಿತು. ಪ್ರಾಣಿಗಳಲ್ಲಿ ಲಕ್ಷಾಂತರ ವೈರಸ್‌ಗಳಿವೆ, ಯಾವುದು ದಾಟುತ್ತದೆ ಅಂತ ಜೀನೋಮ್ ನೋಡಿ ಹೇಳಲು ಸಾಧ್ಯವಿಲ್ಲ, ಆ ಹಣವನ್ನು ಮನುಷ್ಯರ ಪರೀಕ್ಷೆಗೆ ಹಾಕಿ ಅಂತ ಇನ್ನೊಂದು ಗುಂಪು. ವೈರಸ್‌ಗಳ ವಿಕಾಸವನ್ನು ಅಧ್ಯಯನ ಮಾಡುವ ವಿಜ್ಞಾನಿಗಳಾದ ಎಡ್ವರ್ಡ್ ಹೋಮ್ಸ್, ಆಂಡ್ರ್ಯೂ ರಾಂಬೋ, ಕ್ರಿಸ್ಟಿಯನ್ ಆಂಡರ್ಸನ್ 2018ರಲ್ಲೇ ಹೀಗೆ ವಾದಿಸಿದ್ದರು.

2009ರ ಅನುಭವ ಎರಡನೆಯವರ ಕಡೆಗೇ ವಾಲುತ್ತದೆ ಅಂತ ನನಗನಿಸುತ್ತದೆ. ಆಗ ಎಲ್ಲರ ಕಣ್ಣೂ ಏಷ್ಯಾದ ಕೋಳಿಗಳ ಮೇಲಿತ್ತು. ವೈರಸ್ ಬಂದದ್ದು ಮೆಕ್ಸಿಕೊದ ಹಂದಿಗಳಿಂದ. ಹಾಗಂತ ಪ್ರಾಣಿಗಳನ್ನು ಬಿಟ್ಟು ಮನುಷ್ಯರನ್ನಷ್ಟೇ ನೋಡಿದರೂ ಆಗುವುದಿಲ್ಲ. ಹಂದಿ, ಕೋಳಿ, ಹಸುಗಳ ಜೊತೆ ದಿನವಿಡೀ ಇರುವ ಜನರನ್ನೂ ಆ ಪ್ರಾಣಿಗಳನ್ನೂ ಒಟ್ಟಿಗೆ ನೋಡಬೇಕು. ದಾಟುವಿಕೆ ನಡೆಯುವುದೇ ಅಲ್ಲಿ.

ಎರಡನೇ ಜಗಳ ಇನ್ನೂ ಬಿಸಿಯಾದದ್ದು. 2011ರಲ್ಲಿ ನೆದರ್ಲೆಂಡ್ಸ್‌ನ ರಾನ್ ಫೌಶಿಯೆ ಮತ್ತು ಅಮೆರಿಕದ ಯೊಶಿಹಿರೊ ಕವಾವೊಕ ಅವರ ತಂಡಗಳು ಬೇರೆ ಬೇರೆಯಾಗಿ ಎಚ್5 ವೈರಸ್ಸನ್ನು ಮಾರ್ಪಡಿಸಿ, ಅದು ಫೆರೆಟ್‌ಗಳ ನಡುವೆ ಗಾಳಿಯಲ್ಲಿ ಹರಡುವಂತೆ ಮಾಡಿದವು. ಬೆರಳೆಣಿಕೆಯ ಬದಲಾವಣೆಗಳು ಸಾಕಾಗಿದ್ದವು. ಯಾವ ಬದಲಾವಣೆಗಳ ಮೇಲೆ ಕಣ್ಣಿಡಬೇಕು ಅಂತ ಗೊತ್ತಾಗಿದ್ದು ಇಂಥ ಪ್ರಯೋಗಗಳಿಂದ ಅಂತ ಬೆಂಬಲಿಗರು ಹೇಳುತ್ತಾರೆ. ಲ್ಯಾಬ್‌ನಿಂದ ಅದು ತಪ್ಪಿಸಿಕೊಂಡರೆ ತಡೆಯಲು ಹೊರಟ ಅಪಾಯವನ್ನು ನಾವೇ ತಂದಂತೆ ಅಂತ ವಿರೋಧಿಗಳು ಹೇಳುತ್ತಾರೆ. ಅಮೆರಿಕ ಇಂಥ ಕೆಲಸಕ್ಕೆ 2014ರಲ್ಲಿ ಹಣ ನಿಲ್ಲಿಸಿ 2017ರಲ್ಲಿ ಮತ್ತೆ ಹಣ ಕೊಡಲು ಒಪ್ಪಿತು. ವೈರಸ್ಸಿನ ಒಂದು ಪ್ರೋಟೀನನ್ನಷ್ಟೇ ಬಳಸಿ, ಹರಡಲಾರದ ಸ್ಥಿತಿಯಲ್ಲಿ ಸಾವಿರಾರು ಬದಲಾವಣೆಗಳನ್ನು ಪರೀಕ್ಷಿಸುವ ದಾರಿ ಈಗ ಇದೆ. ಅದರಿಂದ ಕೆಲಸ ಆಗುವ ಕಡೆ ಜೀವಂತ ವೈರಸ್ಸನ್ನು ಬಲಪಡಿಸುವ ಪ್ರಯೋಗಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಮೊದಲು ಹೇಳಿದವರಿಗೆ ಸಿಕ್ಕಿದ್ದೇನು?

ಕಾವಲು ಬಲವಾಗಲು ಎಲ್ಲಕ್ಕಿಂತ ದೊಡ್ಡ ಅಡ್ಡಿ ಇಲ್ಲಿದೆ. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಲ್ಯಾಬ್‌ಗಳು ಪಿಸಿಆರ್ ಪರೀಕ್ಷೆಯಲ್ಲಿ ಒಂದು ಜೀನ್‌ನ ಸಂಕೇತ ಮಾತ್ರ ಬಾರದಿರುವುದನ್ನು ಗಮನಿಸಿದವು. ತಕ್ಷಣ ಜೀನೋಮ್ ಓದಿ, ನವೆಂಬರ್ 24ರಂದು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದವು. ಎರಡೇ ದಿನದಲ್ಲಿ ಅದಕ್ಕೆ ಓಮಿಕ್ರಾನ್ ಅಂತ ಹೆಸರಾಯಿತು. ಜಗತ್ತಿಗೆ ಸಿಕ್ಕ ಮುನ್ನೆಚ್ಚರಿಕೆಗಳಲ್ಲೇ ಅದು ಅತ್ಯುತ್ತಮವಾದದ್ದು. ಪ್ರತಿಯಾಗಿ ಆ ದೇಶಕ್ಕೆ ಸಿಕ್ಕಿದ್ದು ವಿಮಾನ ನಿಷೇಧ. ಬಚ್ಚಿಟ್ಟಿದ್ದರೆ ಲಾಭವಾಗುತ್ತಿತ್ತು ಅಂತ ಮುಂದಿನ ಸಲ ಯಾವುದಾದರೂ ದೇಶಕ್ಕೆ ಅನಿಸಿದರೆ ಬೈಯುವುದು ಹೇಗೆ?

ಇಂಡೋನೇಷ್ಯಾ ಅದನ್ನು ಮೊದಲೇ ಬಾಯಿಬಿಟ್ಟು ಹೇಳಿತ್ತು. ತನ್ನ ರೋಗಿಗಳಿಂದ ತೆಗೆದ ಎಚ್5ಎನ್1 ಸ್ಯಾಂಪಲ್‌ಗಳನ್ನು ಕೊಡುವುದನ್ನು 2007ರ ಹೊತ್ತಿಗೆ ಅದು ನಿಲ್ಲಿಸಿತು. ನಮ್ಮ ವೈರಸ್ಸಿನಿಂದ ಕಂಪನಿಗಳು ಲಸಿಕೆ ಮಾಡುತ್ತವೆ, ಅದನ್ನು ಕೊಳ್ಳಲು ನಮಗೇ ಆಗುವುದಿಲ್ಲ ಅನ್ನುವುದು ಅದರ ವಾದ. ಆ ವಾದ ನ್ಯಾಯವಾಗಿಯೇ ಇತ್ತು. ಸ್ಯಾಂಪಲ್ ನಿಂತದ್ದರಿಂದ ಎಲ್ಲರಿಗೂ ಅಪಾಯ ಹೆಚ್ಚಿದ್ದೂ ಅಷ್ಟೇ ನಿಜ. ಕೊನೆಗೆ 2011ರಲ್ಲಿ ಪಿಪ್ ಎಂಬ ವ್ಯವಸ್ಥೆ ಬಂತು. ಮಹಾಮಾರಿ ತರಬಲ್ಲ ಫ್ಲೂ ವೈರಸ್ಸುಗಳ ಸ್ಯಾಂಪಲ್ ಹಂಚಿಕೊಳ್ಳಬೇಕು, ಅದರಿಂದ ಲಾಭ ಪಡೆಯುವ ಕಂಪನಿಗಳು ಹಣವನ್ನೋ ಲಸಿಕೆಯ ಪಾಲನ್ನೋ ಕೊಡಬೇಕು ಅನ್ನುವುದು ಅದರ ತಿರುಳು.

2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ (ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆ) ಅಂಗೀಕರಿಸಿದ ಮಹಾಮಾರಿ ಒಪ್ಪಂದ ಇದನ್ನೇ ಬೇರೆ ರೋಗಾಣುಗಳಿಗೂ ವಿಸ್ತರಿಸಲು ಹೊರಟಿದೆ. ಅದರಲ್ಲಿ ಭಾಗವಹಿಸುವ ಕಂಪನಿಗಳು ಮಹಾಮಾರಿಯ ಕಾಲದಲ್ಲಿ ತಾವು ತಯಾರಿಸುವ ಲಸಿಕೆ, ಔಷಧಿ, ಪರೀಕ್ಷಾ ಕಿಟ್‌ಗಳಲ್ಲಿ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವ ಗುರಿ ಇದೆ. ಅದರಲ್ಲಿ ಕನಿಷ್ಠ ಅರ್ಧ ದಾನವಾಗಿ ಬರಬೇಕು. ಆದರೆ ಸ್ಯಾಂಪಲ್ ಮತ್ತು ಲಾಭ ಹಂಚಿಕೆಯ ವಿವರಗಳನ್ನು ಪ್ರತ್ಯೇಕ ಅನುಬಂಧಕ್ಕೆ ಬಿಡಲಾಯಿತು. ಆ ಅನುಬಂಧಕ್ಕೆ ಒಪ್ಪಿಗೆ ಸಿಕ್ಕ ಮೇಲಷ್ಟೇ ಒಪ್ಪಂದಕ್ಕೆ ದೇಶಗಳು ಸಹಿ ಹಾಕಬಹುದು. 60 ದೇಶಗಳು ಅನುಮೋದಿಸಿದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯನ್ನೇ ಬಿಡುವುದಾಗಿ 2025ರ ಜನವರಿಯಲ್ಲಿ ಘೋಷಿಸಿತು. ಇದು ಜಾರಿಗೆ ಬರುವವರೆಗೆ ಸ್ಯಾಂಪಲ್ ಕೊಟ್ಟವರಿಗೆ ಪಾಲು ಸಿಗುವ ಜಾಗತಿಕ ನಿಯಮ ಇರುವುದು ಫ್ಲೂಗೆ ಮಾತ್ರ. ಕೊರೊನಾ, ಎಂಪಾಕ್ಸ್, ನಿಪಾದಂಥ ವೈರಸ್‌ಗಳ ವಿಷಯದಲ್ಲಿ ಪ್ರತಿ ದೇಶವೂ ಕೊಡುವುದೋ ಬೇಡವೋ ಅಂತ ತಾನೇ ಲೆಕ್ಕ ಹಾಕಬೇಕು.